ಆಯಿ ಮರೆತ ಮೇಣ

ನಮ್ಮ ಮನೆಯ ಹೆಂಗಸರಿಗೆ ಮೇಣ ಅಂದರೆ ಹಣೆಗೆ ಹಚ್ಚುವುದು. ಉಂಗುರ ಬೆರಳಿನ ತುದಿಯಿಂದ ಚೂರು ಜೇನುಮೇಣ ತೆಗೆದು, ಹುಬ್ಬುಗಳ ನಡುವೆ ದುಂಡಗೆ ತೀಡಿ, ಅದರ ಮೇಲೆ ಕುಂಕುಮ ಒತ್ತುತ್ತಿದ್ದರು. ಮೇಣ ಇಲ್ಲದಿದ್ದರೆ ಮುಂಬೈಯ ಸೆಕೆಗೆ ಕುಂಕುಮ ಮಧ್ಯಾಹ್ನದೊಳಗೆ ಮೂಗಿನ ಮೇಲೆ ಇಳಿದಿರುತ್ತಿತ್ತು. ಅಂಟಿಸುವ ಬಿಂದಿ ಇನ್ನೂ ನಮ್ಮ ಹೊಸ್ತಿಲು ದಾಟಿರಲಿಲ್ಲ. ಮೇಣ ಹಚ್ಚಿಕೊಂಡಿಯೇನು ಎಂದು ಯಾರಾದರೂ ಅವ್ವನನ್ನು ಕೇಳಿದರೆ, ಹೊರಡಲು ತಯಾರಾದೆಯಾ ಎಂದು ಅರ್ಥ. ಆಕೆ ಮೇಣ ಬಿಟ್ಟಳು ಅಂದರೆ, ಪಾಪ, ಆಕೆಯ ಗಂಡ ತೀರಿಕೊಂಡ ಎಂದು ಅರ್ಥ. ನನ್ನ ಬಾಲ್ಯದ ಮನೆಯ ಅತ್ಯಂತ ಒಳ್ಳೆಯ ವಾಸನೆಗೂ ಅತ್ಯಂತ ಕೆಟ್ಟ ಮಾತಿಗೂ ಈ ಎರಡಕ್ಷರವೇ ಕಾರಣ. ಈಗ ಯೋಚಿಸಿದರೆ ಸಿಟ್ಟು ಬರುತ್ತದೆ, ಆಮೇಲೆ ಸಿಟ್ಟು ಇಳಿದು ಬರೀ ಬೇಸರ ಉಳಿಯುತ್ತದೆ.

ಆಯಿ, ಅಂದರೆ ಅಪ್ಪನ ತಾಯಿ, ಅಜ್ಜ ತೀರಿಕೊಂಡ ಮೇಲೆ ಧಾರವಾಡ ಬಿಟ್ಟು ಚೆಂಬೂರಿನ ನಮ್ಮ ಮನೆಗೆ ಬಂದಳು. ಒಂದು ಟ್ರಂಕು, ಒಂದು ಕೌದಿ, ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಮರದ ಕುಂಕುಮ ಭರಣಿ, ಇಷ್ಟೇ ಅವಳ ಸಾಮಾನು. ಭರಣಿಗೆ ಎರಡು ಅಂತಸ್ತು. ಕೆಳಗಿನದರಲ್ಲಿ ಕುಂಕುಮ, ಮೇಲಿನ ಪುಟ್ಟದರಲ್ಲಿ ಮೇಣ. ಕೆಳಗಿನದನ್ನು ಊರಿನಲ್ಲೇ ಖಾಲಿ ಮಾಡಿಸಿದ್ದರು. ಮೇಲಿನದನ್ನು ಯಾರೂ ಗಮನಿಸಿರಲಿಲ್ಲ, ಆಯಿಯ ಬೆರಳಿನ ಗುಳಿ ಬಿದ್ದ ಮೇಣ ಅದರಲ್ಲಿ ಹಾಗೆಯೇ ಇತ್ತು. ಅವಳ ಹಣೆಯ ಮೇಲೆ ಆಗಲೇ ಬರೀ ವಿಭೂತಿ. ಅವ್ವ ಆ ಭರಣಿಯನ್ನು ನೋಡಿ, ಇದನ್ನು ಏನು ಮಾಡಲಿ ಎಂದು ಅಂಜುತ್ತ ಕೇಳಿದಳಂತೆ. ಆಯಿ ಕೊಟ್ಟ ಉತ್ತರ ನಮ್ಮ ಮನೆಯಲ್ಲಿ ಬಹಳ ದಿನ ಗಾದೆಯ ಹಾಗೆ ಓಡಾಡಿತು.

"ಗಂಡ ಹ್ವಾದ ಮ್ಯಾಲೆ ಕುಂಕುಮ ಬಿಡಬೇಕು, ಖರೆ. ಮೇಣ ಏನ ತಪ್ಪ ಮಾಡೇತಿ?"

ನಮ್ಮದು ಒಂದು ರೂಮು, ಒಂದು ಅಡುಗೆಮನೆ, ಬಟ್ಟೆ ಒಣಗಿಸುವ ಒಂದು ಗ್ಯಾಲರಿಯ ಮನೆ. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ಇಡೀ ಬಿಲ್ಡಿಂಗು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಕಿಟಕಿ ಹಾಕಿದರೆ ಸೆಕೆ, ತೆಗೆದರೆ ನಾತ. ಅಪ್ಪನಿಗೆ ಅಂಥದೇ ಒಂದು ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ಅವನ ಅಂಗಿಯನ್ನು ಅವ್ವ ಎಷ್ಟು ತಿಕ್ಕಿದರೂ ಆ ಎಣ್ಣೆಯ ಕಮಟು ಹೋಗುತ್ತಿರಲಿಲ್ಲ. ಧಾರವಾಡದ ಹಿತ್ತಿಲಲ್ಲಿ ಬೆಳಗ್ಗೆ ಎದ್ದು ಮರುಗ, ದವನಗಳ ನಡುವೆ ಓಡಾಡಿದ ಆಯಿಗೆ ಮೊದಲ ವಾರವೇ ತಲೆ ಸುತ್ತಿತು. ಈ ಊರಾಗ ಮೂಗ ಇದ್ದವರು ಹೆಂಗ ಬದುಕ್ತಾರ ಎಂದು ಅಪ್ಪನನ್ನು ಕೇಳಿದಳು. ಸ್ವಲ್ಪ ದಿನ ತಡಿ, ಮೂಗು ತಾನೇ ರಾಜೀನಾಮೆ ಕೊಡುತ್ತದೆ ಎಂದು ಅವನು ನಕ್ಕ. ಆಯಿಯ ಮೂಗು ರಾಜೀನಾಮೆ ಕೊಡಲಿಲ್ಲ. ಅವಳು ಮೇಣ ಮಾಡಲು ಕುಳಿತಳು.

ಅದು ಬೇಸಿಗೆಯ ಕೆಲಸ. ಚೆಂಬೂರು ಸ್ಟೇಷನ್ನಿನ ಹೊರಗೆ ಸಂಜೆ ಮಲ್ಲಿಗೆ ಮೊಗ್ಗು ಬಿಡಿಯಾಗಿ ಸಿಗುತ್ತಿತ್ತು. ಅವ್ವ ಬಾಜಿ-ತರಕಾರಿ ತರಲು ಹೋದಾಗ ಒಂದು ಪೊಟ್ಟಣ ತರುತ್ತಿದ್ದಳು. ಆಯಿ ಕೊಬ್ಬರಿ ಎಣ್ಣೆಗೆ ಚೂರು ಮೇಣ ಕರಗಿಸಿ ತಾಟಿನಲ್ಲಿ ತೆಳ್ಳಗೆ ಹರಡುತ್ತಿದ್ದಳು. ಅದು ಆರಿ ಬೆಣ್ಣೆಯಷ್ಟು ಗಟ್ಟಿಯಾದ ಮೇಲೆ, ಪ್ರತಿ ಮೊಗ್ಗಿನ ತೊಟ್ಟು ಚಿವುಟಿ, ಸೆರಗಿನಲ್ಲಿ ಪಸೆ ಒರೆಸಿ, ಒಂದೊಂದನ್ನೇ ಬೋರಲಾಗಿ ಒತ್ತುತ್ತಿದ್ದಳು. ಮೇಲೊಂದು ತಾಟು ಬೋರಲು ಹಾಕಿ, ನೀರಿನ ಕೊಡ ಇಡುವ ಗಡಂಚಿಯ ಕೆಳಗೆ ಇಟ್ಟರೆ, ಮೊಗ್ಗು ಒಳಗೇ ಅರಳಿ ಬೆಳಗಾಗುವಷ್ಟರಲ್ಲಿ ತನ್ನ ವಾಸನೆಯನ್ನೆಲ್ಲ ಎಣ್ಣೆಗೆ ಕೊಟ್ಟು ಕಂದಿರುತ್ತಿತ್ತು. ಕಂದಿದ ಹೂ ಎತ್ತುವ ಕೆಲಸ ನನ್ನದು. ಅದೇ ತಾಟಿಗೆ ಸಂಜೆ ಮತ್ತೆ ಹೊಸ ಮೊಗ್ಗು. ಮೂಗು ಸಾಕು ಅನ್ನುವ ತನಕ ಹೀಗೆಯೇ. ಆಮೇಲೆ ಒಂದು ಮಧ್ಯಾಹ್ನ ತಾಟಿನದನ್ನೆಲ್ಲ ಕೆರೆದು ಬಟ್ಟಲಿಗೆ ಹಾಕಿ, ಬಟ್ಟಲನ್ನು ಬಿಸಿನೀರಿನಲ್ಲಿ ಇಳಿಬಿಟ್ಟು, ಇನ್ನಷ್ಟು ಮೇಣ, ಗ್ಯಾಲರಿಯ ಡಬ್ಬಿಯಲ್ಲಿ ಬೆಳೆಸಿದ ಮರುಗ, ಊರಿನಿಂದ ಬಂದ ಒಣ ದವನ, ಲಾವಂಚದ ಬೇರು ನೆನೆಸಿದ ಎಣ್ಣೆ, ಇನ್ನೂ ಏನೇನೋ ಸೇರಿಸುತ್ತಿದ್ದಳು. ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಬಿಸಿ ಇರುವಾಗ, ಯಾವುದನ್ನು ಇಳಿಸಿದ ಮೇಲೆ, ಒಂದೂ ನಮಗೆ ಗೊತ್ತಿಲ್ಲ. ಅವಳೇನೂ ಮುಚ್ಚಿಡುತ್ತಿರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗ ಇರುತ್ತಿರಲಿಲ್ಲ, ಅಷ್ಟೇ. ನಾಳೆ ನೋಡಿದರಾಯಿತು ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಆ ಮಧ್ಯಾಹ್ನ ಮಾತ್ರ ನಮ್ಮ ಮನೆಯ ಮುಂದೆ ಹಾದು ಹೋಗುವವರು ಒಂದು ಗಳಿಗೆ ನಿಲ್ಲುತ್ತಿದ್ದರು. ಮರುದಿನ ಅಪ್ಪ ಕೆಲಸಕ್ಕೆ ಹೊರಟಾಗ ಆಯಿ ಅವನ ಕಾಲರಿನ ಒಳಗೆ ಒಂದಿಷ್ಟು ಸವರುತ್ತಿದ್ದಳು. ಮಿಲಿಟರಿಯವರ ಹಾಗೆ ಕತ್ತು ನೆಟ್ಟಗೆ ಮಾಡಿ ನಿಲ್ಲುತ್ತಿದ್ದ ಅಪ್ಪ, ಕಾರ್ಖಾನೆಯಲ್ಲಿ ಎಲ್ಲರೂ ನನ್ನನ್ನು ಮದುಮಗ ಅಂತಾರೆ ಎಂದು ದೂರುತ್ತಿದ್ದ, ಆದರೆ ಒಂದು ದಿನವೂ ಬೇಡ ಅನ್ನಲಿಲ್ಲ. ಆಯಿ ತಾನೂ ಹಚ್ಚಿಕೊಳ್ಳುತ್ತಿದ್ದಳು. ಮೊಳಕೈಯ ಒಳಗಿನ ಮಡಿಕೆಯಲ್ಲಿ, ಕುಬಸದ ತೋಳು ಮುಗಿಯುವ ಕಡೆ, ಯಾರಿಗೂ ಕಾಣದ ಹಾಗೆ. ತಾಳ್ಮೆಯಿಂದ ತೋಳು ಮಡಚಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಕೂರುತ್ತಿದ್ದಳು. ಹೂ ಮುಡಿಯಬಾರದ ಹೆಂಗಸು ಹೂವಿನ ವಾಸನೆ ಹಚ್ಚಿಕೊಳ್ಳಬಹುದೇ ಎಂದು ಅವ್ವ ಒಮ್ಮೆ ಅರ್ಧ ತಮಾಷೆಗೆ, ಅರ್ಧ ಅಳುಕಿನಿಂದ ಕೇಳಿದ್ದಳು. ಹಚ್ಚಿ ನೋಡದೆ ಪಾಕ ಬಂದಿದೆಯೋ ಇಲ್ಲವೋ ಹೇಗೆ ತಿಳಿಯಬೇಕು, ಸಾರಿನ ರುಚಿ ನೋಡುವುದಿಲ್ಲವೇ ಎಂದು ಆಯಿ ಮಾತು ಹಾರಿಸಿಬಿಟ್ಟಳು. ಒಮ್ಮೆ ಮಾಡಿದ ಸಾರಿನ ರುಚಿಯನ್ನು ಯಾರೂ ದಿನಾ ಬೆಳಗ್ಗೆ ನೋಡುವುದಿಲ್ಲ ಎಂದು ಅವ್ವನಿಗೂ ಗೊತ್ತಿತ್ತು. ಅವಳು ನಕ್ಕು ಪಾತ್ರೆ ತೊಳೆಯಲು ಎದ್ದಳು. ಆಗ ಅವರಿಬ್ಬರ ನಡುವೆ ಹಾಗಿತ್ತು, ಒಳ್ಳೆಯದಿತ್ತು.

ಪಕ್ಕದ ಮನೆಯಲ್ಲಿ ವಾರಿಜಕ್ಕ ಇದ್ದಳು. ಉಡುಪಿ ಕಡೆಯವಳು, ಮನೆಯಲ್ಲಿ ತುಳು, ನಮ್ಮೊಂದಿಗೆ ಕನ್ನಡ, ಮೀನಿನವಳೊಂದಿಗೆ ಮರಾಠಿ. ಅವಳಿಗೆ ಮೇಣ ಅಂದರೆ ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಅಂಟುವ ಅಂಟು. ಮೊದಲ ಸಲ ಆಯಿ ಮೇಣ ಹಚ್ಚಲೇನು ಎಂದು ಬೆರಳು ಚಾಚಿದಾಗ ಅವಳು ಎರಡು ಹೆಜ್ಜೆ ಹಿಂದೆ ಸರಿದು, ಅಯ್ಯೋ, ಎಣ್ಣೆ ಹಾಕಿ ತೊಳೆದರೂ ಹೋಗ್ಲಿಕ್ಕಿಲ್ಲ ಅಂದಿದ್ದಳು. ಆಮೇಲೆ ಮೂಸಿ ನೋಡಿ ಅಲ್ಲೇ ಕುಳಿತುಬಿಟ್ಟಳು. ಅಂದಿನಿಂದ ಅವಳ ಪಾಲಿಗೆ ಮೇಣಕ್ಕೆ ಇನ್ನೊಂದು ಅರ್ಥ ಹುಟ್ಟಿತು, ಪಕ್ಕದ ಅಜ್ಜಿ ಮಾಡುವ ಸುಗಂಧ. ಹಣೆಯ ಸುದ್ದಿ ಅವಳಿಗೆ ಯಾರೂ ಹೇಳಿರಲಿಲ್ಲ. ಅವರ ಕಡೆ ಆ ರೂಢಿ ಇದ್ದಂತಿಲ್ಲ.

ಸಂಕ್ರಾಂತಿಗೆ ನಮ್ಮ ಬಿಲ್ಡಿಂಗಿನಲ್ಲಿ ಮನೆಮನೆಯಲ್ಲೂ ಅರಿಶಿನ ಕುಂಕುಮ. ಮರಾಠಿ ಹೆಂಗಸರಿಂದ ಅವ್ವ ಕಲಿತ ಹಬ್ಬ ಅದು. ಬಂದ ಮುತ್ತೈದೆಯರಿಗೆ ಎಳ್ಳುಬೆಲ್ಲದ ಜೊತೆ ಒಂದು ಸಣ್ಣ ಉಡುಗೊರೆ ಕೊಡಬೇಕು, ಅದಕ್ಕೆ ವಾಣ ಅನ್ನುತ್ತಾರೆ. ಎಲ್ಲರೂ ಪ್ಲಾಸ್ಟಿಕ್ ಬಟ್ಟಲು, ಚಹಾ ಸೋಸುವ ಜರಡಿ ಕೊಡುವಾಗ ಅವ್ವ ಪುಟ್ಟ ತಗಡಿನ ಡಬ್ಬಿಗಳಲ್ಲಿ ಆಯಿಯ ಮೇಣ ಕೊಡುತ್ತಿದ್ದಳು. ಮೇಲಿನ ಮಹಡಿಯವರೂ ಇಳಿದು ಬರುತ್ತಿದ್ದರು. ಯಾವ ಮನೆಗೂ ಇಲ್ಲದ ಮರ್ಯಾದೆ ನಮ್ಮ ಒಂದು ರೂಮಿಗೆ ಸಿಗುತ್ತಿತ್ತು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅಂತಾರಲ್ಲ, ನಾನು ಆ ನಾರು ಎಂದು ಅವ್ವ ತಾನೇ ಹೇಳಿ ನಗುತ್ತಿದ್ದಳು. ಆಯಿ ಆ ಹೊತ್ತು ಪರದೆಯ ಆಚೆ ಅಡುಗೆಮನೆಯಲ್ಲಿ ಕೂತು ಚಹಾ ಕುದಿಸುತ್ತಿದ್ದಳು. ಮುತ್ತೈದೆಯರ ಹಬ್ಬದಲ್ಲಿ ಅವಳು ಹೊರಗೆ ಬರುವ ಹಾಗಿರಲಿಲ್ಲ. ಹೊರಗೆ ಯಾರಾದರೂ ಡಬ್ಬಿ ತೆಗೆದು, ವಾ, ಕಿತೀ ಛಾನ್ ಎಂದು ಹೊಗಳಿದಾಗ ಒಳಗೆ ಅವಳ ಸ್ಪೂನು ಒಂದು ಕ್ಷಣ ನಿಲ್ಲುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಎರಡೂ ಕಡೆ ನೋಡುತ್ತಿದ್ದೆ, ಹಾಗಾಗಿ ಗೊತ್ತು.

ಒಂದು ವರ್ಷ ಸಂಕ್ರಾಂತಿಗೆ ಅಜ್ಜನ ತಂಗಿ ಧಾರವಾಡದಿಂದ ಬಂದಿದ್ದಳು. ನಾವು ಅವಳನ್ನು ಧಾರವಾಡದ ಅಮ್ಮ ಅನ್ನುತ್ತಿದ್ದೆವು. ಹಣೆಯ ಮೇಲೆ ದೊಡ್ಡ ಕುಂಕುಮ, ಕೈತುಂಬ ಹಸಿರು ಬಳೆ. ಚಾಪೆಯ ನಡುವೆ ಅವಳು ಕುಳಿತಿದ್ದಳು, ಸುತ್ತ ಬಿಲ್ಡಿಂಗಿನ ಹೆಂಗಸರು. ಅವ್ವ ಡಬ್ಬಿಗಳ ತಟ್ಟೆ ಹಿಡಿದು ಬಂದಾಗ ವಾರಿಜಕ್ಕ ಕೈ ಚಾಚಿ, ಮನಸ್ಸು ತುಂಬಿ ಹೇಳಿದಳು.

"ಅಜ್ಜಿ ದಿನಾ ಹಚ್ಚಿಕೊಳ್ಳುವ ಮೇಣವೇ ಅಲ್ವಾ ಇದು? ಎಂಥ ಪರಿಮಳ ಮಾರಾಯ್ರೆ. ನನಗೆ ಅದೇ ಆಗ್ಬೇಕು."

ಧಾರವಾಡದ ಅಮ್ಮನ ಬಳೆಗಳ ಸದ್ದು ನಿಂತಿತು. ಅವಳಿಗೆ ಕೇಳಿಸಿದ್ದು ಬೇರೆಯೇ. ತನ್ನ ಅಣ್ಣ ಸತ್ತ ಮೇಲೂ ಅವನ ಹೆಂಡತಿ ಮುಂಬೈಯಲ್ಲಿ ಕೂತು ದಿನಾ ಹಣೆಗೆ ಮೇಣ ಹಚ್ಚಿ ಕುಂಕುಮ ಇಡುತ್ತಾಳೆ ಎಂದು. ಯಾರು ಹಚ್ಚಿಕೊಳ್ಳುತ್ತಾರೆ ಮೇಣ ಎಂದು ಅವ್ವನ ಮುಖ ನೋಡಿ ಕೇಳಿದಳು. ಅವ್ವ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಅದು ಹಣೆಯ ಮೇಣ ಅಲ್ಲ, ಮೈಗೆ ಹಚ್ಚುವ ಸುಗಂಧ ಎಂದು ಬಿಡಿಸಿ ಹೇಳಬಹುದಿತ್ತು. ಆದರೆ ಗಂಡ ಸತ್ತ ಹೆಂಗಸು ಮೈಗೆ ಮಲ್ಲಿಗೆ ವಾಸನೆ ಹಚ್ಚಿಕೊಳ್ಳುತ್ತಾಳೆ ಎಂದು ಆ ಕುಂಕುಮದ ಮುಖಕ್ಕೆ ಹೇಳುವುದು ಇನ್ನೂ ಕಷ್ಟ. ಸುತ್ತ ಕೂತ ಮರಾಠಿ ಹೆಂಗಸರು ಏನಾಯಿತು ಎಂದು ಮುಖ ಮುಖ ನೋಡುತ್ತಿದ್ದರು. ಅವ್ವನಿಗೆ ಒಂದು ದಾರಿ ಹೊಳೆಯಿತು. ಯಾರನ್ನೂ ನೋಯಿಸದ ದಾರಿ ಎಂದೇ ಅವಳು ನಂಬಿರಬೇಕು.

"ವಯಸ್ಸಾಗೇತ್ರಿ ಅವರಿಗೆ. ಒಮ್ಮೊಮ್ಮೆ ನೆನಪ ಇರೂದಿಲ್ಲ."

ಧಾರವಾಡದ ಅಮ್ಮ ಕೂಡಲೇ ಮೆತ್ತಗಾದಳು. ಅಯ್ಯ, ಪಾಪ, ಎಂದು ನಾಲಿಗೆ ಲೊಚಗುಟ್ಟಿದಳು. ಮರೆತವಳಿಗೆ ಪಾಪವಿಲ್ಲ. ಗಂಡ ಸತ್ತಿದ್ದೇ ನೆನಪಿಲ್ಲದ ಮುದುಕಿಯ ಮೇಲೆ ಯಾರು ಸಿಟ್ಟಾಗುತ್ತಾರೆ? ಬಳೆಗಳು ಮತ್ತೆ ಸದ್ದು ಮಾಡಿದವು, ಎಳ್ಳುಬೆಲ್ಲ ಹಂಚಿದ್ದಾಯಿತು. ಅವ್ವ ಉಸಿರು ಬಿಟ್ಟು ಅಡುಗೆಮನೆಯ ಬಾಗಿಲಿನ ಕಡೆ ತಿರುಗಿ ನೋಡಿದಳು. ಪರದೆಯ ಆಚೆ ಚಹಾ ಉಕ್ಕಿ ಸ್ಟೋವಿನ ಮೇಲೆ ಸುರಿಯುತ್ತಿತ್ತು. ಆಯಿ ಅದರ ಮುಂದೆಯೇ ಕುಳಿತಿದ್ದಳು, ಇಳಿಸಲಿಲ್ಲ. ಚಹಾ ಉಕ್ಕಲು ಬಿಟ್ಟವಳೇ ಅಲ್ಲ ಅವಳು. ನನಗೆ ಆಗ ಅರ್ಥವಾಗಿದ್ದು ಅಷ್ಟೇ, ಏನೋ ಕೆಟ್ಟದ್ದಾಯಿತು ಎಂದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಜಗಳವಾಗಿದ್ದರೆ ಒಳ್ಳೆಯದಿತ್ತು. ನಮ್ಮ ಮನೆಯಲ್ಲಿ ಜಗಳಗಳಿಗೇನೂ ಬರ ಇರಲಿಲ್ಲ, ನಲ್ಲಿ ನೀರಿಗೆ, ಉಪ್ಪಿನಕಾಯಿಗೆ, ರೇಡಿಯೋಗೆ ದಿನಾ ಒಂದು ನಡೆಯುತ್ತಿತ್ತು, ಸಂಜೆಗೆ ಮುಗಿಯುತ್ತಿತ್ತು. ಇದು ಆಗಲೇ ಇಲ್ಲ, ಹಾಗಾಗಿ ಮುಗಿಯಲೂ ಇಲ್ಲ. ಆಯಿ ಮರುದಿನ ಎದ್ದು ಎಂದಿನಂತೆ ರೊಟ್ಟಿ ಬಡಿದಳು. ಧಾರವಾಡದ ಅಮ್ಮ ಹೊರಡುವಾಗ, ಔಷಧ ಗಿವುಷಧ ತೊಗೊ, ನೆನಪಿಗೆ ಬ್ರಾಹ್ಮಿ ಛಲೋ, ಎಂದು ಆಯಿಯ ಬೆನ್ನು ಸವರಿದಾಗಲೂ ಅವಳು ತಲೆಯಾಡಿಸಿದಳು. ಬೇಸಿಗೆ ಬರಲಿ, ಹೂ ಬರಲಿ, ಎಲ್ಲ ಸರಿಹೋಗುತ್ತದೆ ಎಂದು ಅವ್ವ ಕಾದಳು. ಬೇಸಿಗೆ ಬಂತು. ಅವ್ವ ಮೊಗ್ಗಿನ ಪೊಟ್ಟಣ ತಂದು ಆಯಿಯ ಮುಂದೆ ಬಿಚ್ಚಿ, ತಾಟು ತೊಳೆದು ಇಟ್ಟಳು. ಇವು ಯಾಕೆ ಎಂದು ಆಯಿ ಕೇಳಿದಳು. ಮೇಣಕ್ಕೆ ಎಂದಳು ಅವ್ವ. ಆಯಿ ಮೊಗ್ಗುಗಳನ್ನು ನೋಡಿದಳು, ಒಂದನ್ನು ಕೈಗೆ ತೆಗೆದುಕೊಂಡು ತೊಟ್ಟನ್ನೂ ಚಿವುಟಿದಳು, ಅಭ್ಯಾಸ. ಆಮೇಲೆ ಅದನ್ನು ಪೊಟ್ಟಣದಲ್ಲೇ ಇಟ್ಟಳು.

"ಹೆಂಗ ಮಾಡೂದವಾ ಅದು? ನನಗ ನೆನಪ ಇರೂದಿಲ್ಲಲ್ಲ, ನೀನ ಹೇಳಿದ್ದಿ."

ದನಿಯಲ್ಲಿ ಸಿಟ್ಟಿರಲಿಲ್ಲ, ಅಡಿಗೆಗೆ ಎಷ್ಟು ಉಪ್ಪು ಎಂದು ಕೇಳಿದ ಹಾಗೆ ಕೇಳಿದಳು. ಅಷ್ಟೇ. ಆಮೇಲೆ ಎಷ್ಟು ಬೇಸಿಗೆ ಬಂದರೂ ಅದೇ ಉತ್ತರ. ನಮ್ಮೆಲ್ಲರ ಹುಟ್ಟಿದ ತಿಥಿ, ಯಾವ ಮದುವೆಯಲ್ಲಿ ಯಾರು ಯಾವ ಸೀರೆ ಕೊಟ್ಟರು, ಯಾರ ಮನೆಯ ಹೋಳಿಗೆ ಹರಿದಿತ್ತು, ಎಲ್ಲವೂ ಅವಳ ಬಾಯಲ್ಲೇ. ಮೇಣ ಒಂದು ಬಿಟ್ಟು. ಅಪ್ಪ ಒಮ್ಮೆ ಆಯಿಯ ಮುಂದೆ ಕಾಲರು ಬಗ್ಗಿಸಿ ನಿಂತು, ಅವ್ವಾ, ಇಲ್ಲಿ ಒಂದೀಟು ಹಚ್ಚು, ಎಂದ. ಆಯಿ ಅವನ ಕಾಲರನ್ನು ಸರಿಮಾಡಿ, ಹುಷಾರಾಗಿ ಹೋಗಿ ಬಾ ಅಂದಳು. ಅಪ್ಪ ಮತ್ತೆ ಕೇಳಲಿಲ್ಲ. ನಿಮ್ಮಿಬ್ಬರ ನಡುವೆ ನಾನು ಬರುವುದಿಲ್ಲ ಎನ್ನುವುದೇ ಅವನ ಯಾವತ್ತಿನ ನೀತಿ, ಆ ನೀತಿಯಿಂದ ಯಾರಿಗೂ ಉಪಕಾರವಾಗಲಿಲ್ಲ.

ಅವ್ವ ತಾನೇ ಮಾಡಲು ನೋಡಿದಳು. ನೇರ ಉರಿಯ ಮೇಲೆ ಎಣ್ಣೆ ಇಟ್ಟು ಹೂ ಹಾಕಿದ್ದಳು, ಅದು ಸುಟ್ಟು ಮನೆಯೆಲ್ಲ ಹೊಗೆ. ಹೂವಿನ ಪಲ್ಯ ಚಲೋ ಆಗೇತಿ ಎಂದು ಅಪ್ಪ ನಗಿಸಲು ಹೋಗಿ ಪೆಟ್ಟು ತಿಂದ. ಇನ್ನೊಮ್ಮೆ ಮಾಡಿದ್ದು ಒಂದೇ ತಿಂಗಳಲ್ಲಿ ಕಮಟು ವಾಸನೆ ಹೊಡೆಯಿತು, ಮೊಗ್ಗಿನ ಪಸೆ ಒರೆಸುವುದನ್ನು ಬಿಟ್ಟಿದ್ದಳು. ಆಯಿ ಪಕ್ಕದಲ್ಲೇ ಅಕ್ಕಿ ಆರಿಸುತ್ತ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಅವಳ ಬೆರಳು ಅಕ್ಕಿಯಲ್ಲಿ ನಿಲ್ಲುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ. ಮುಂದಿನ ಸಂಕ್ರಾಂತಿಗೆ ನಾವೂ ಪ್ಲಾಸ್ಟಿಕ್ ಬಟ್ಟಲು ಕೊಟ್ಟೆವು. ವಾರಿಜಕ್ಕ ಬಟ್ಟಲು ತಿರುಗಿಸಿ ನೋಡಿ, ಅಜ್ಜಿಗೆ ಹುಷಾರಿಲ್ವಾ ಎಂದು ಮೆಲ್ಲಗೆ ನನ್ನನ್ನು ಕೇಳಿದಳು. ತನ್ನ ಬಾಯಿಂದ ಬಂದ ಮಾತು ಏನು ಮಾಡಿತು ಎಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಯಾರೂ ಹೇಳಲಿಲ್ಲ. ಹೇಳಿದ್ದರೆ ಆ ಒಳ್ಳೆಯ ಹೆಂಗಸು ಊಟ ಬಿಡುತ್ತಿದ್ದಳು.

ಆಯಿ ಹಾಸಿಗೆ ಹಿಡಿದಾಗ ಅವಳ ಎಲ್ಲ ಸೇವೆಯನ್ನೂ ಅವ್ವನೇ ಮಾಡಿದಳು. ಒಂದು ಮಧ್ಯಾಹ್ನ ಅವಳ ಕಾಲು ಒತ್ತುತ್ತ, ಮುಖ ನೋಡದೆ, ಅತ್ತಿ, ಮರುಗ ಮೊದಲ ಹಾಕ್ತಿದ್ರೋ, ಇಳಿಸಿದ ಮ್ಯಾಲೆ ಹಾಕ್ತಿದ್ರೋ, ಎಂದು ಕೇಳಿದಳು. ಮರುಗದ ಪ್ರಶ್ನೆ ಅಲ್ಲ ಅದು ಎಂದು ನನಗೂ ತಿಳಿಯುವ ವಯಸ್ಸಾಗಿತ್ತು. ಕ್ಷಮಿಸಿ ಎಂಬ ಮಾತು ನಮ್ಮ ಮನೆಗಳಲ್ಲಿ ಬಾಯಿಂದ ಬರುವುದಿಲ್ಲ, ಹೀಗೆ ಸುತ್ತು ಬಳಸಿ ಬರುತ್ತದೆ. ಆಯಿ ಅವ್ವನ ಕೈಯ ಮೇಲೆ ಕೈ ಇಟ್ಟು, ನನಗ ನೆನಪಿಲ್ಲವ್ವಾ ಅಂದಳು. ಅಷ್ಟು ಹೊತ್ತಿಗೆ ಅವಳು ನಿಜವಾಗಿಯೂ ಮರೆತಿದ್ದಳೋ, ಹಟ ಇನ್ನೂ ಇತ್ತೋ, ಅಥವಾ ಆ ಕೈ ಇಟ್ಟದ್ದೇ ಉತ್ತರವೋ, ಅವ್ವ ಇಷ್ಟು ವರ್ಷ ಇದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದಾಳೆ. ಅಡುಗೆ ಮಾಡುವಾಗ, ಬಟ್ಟೆ ಮಡಚುವಾಗ, ನಡುವೆ ಇದ್ದಕ್ಕಿದ್ದಂತೆ, ಅವರು ಖರೆ ಮರತಿದ್ರೇನ, ಎಂದು ನನ್ನನ್ನು ಕೇಳುತ್ತಾಳೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಅಪ್ಪ ಹೋದ ಮೇಲೆ ಅವ್ವ ಮುಲುಂಡಿನ ನನ್ನ ಮನೆಗೆ ಬಂದಳು. ಕುಂಕುಮ ಇಡಬಾರದೆಂದು ಅವಳಿಗೆ ಯಾರೂ ಹೇಳಲಿಲ್ಲ, ಈಗ ಯಾರು ಹೇಳುತ್ತಾರೆ? ನಾನು, ನನ್ನ ಮಗಳು ದಿಶಾ, ಇಡು ಎಂದೇ ಗಂಟು ಬಿದ್ದೆವು. ಅವಳು ಇಡಲಿಲ್ಲ. ಹಣೆಯ ಮೇಲೆ ಬರೀ ವಿಭೂತಿ. ಆಯಿಯ ಭರಣಿ ಮಾತ್ರ ಅವಳ ಟ್ರಂಕಿನ ತಳದಲ್ಲಿ ಬಂದಿತ್ತು. ಈ ಬೇಸಿಗೆ ದಿಶಾ ಮೊಬೈಲಿನಲ್ಲಿ ಮನೆಯಲ್ಲೇ ಗಟ್ಟಿ ಸೆಂಟು ಮಾಡುವ ವಿಡಿಯೋ ನೋಡಿ, ಮಮ್ಮಾ, ನಾವೂ ಮಾಡೋಣ ನಾ, ಎಂದು ದುಂಬಾಲು ಬಿದ್ದಳು. ಜೇನುಮೇಣ ಕೊರಿಯರಿನಲ್ಲಿ ಬಂತು. ಮರುಗಕ್ಕೆ ನಾನು ಮಾಟುಂಗಾದ ಹೂವಿನ ಅಂಗಡಿಗಳವರೆಗೆ ಹೋದೆ. ವಿಡಿಯೋದವಳು ಬಾಟಲಿಯ ಎಣ್ಣೆ ನಾಲ್ಕು ಹನಿ ಹಾಕಿ ಮುಗಿಸಿದ್ದಳು. ನಾನು ತಾಟು ತೆಗೆದು, ಮೊಗ್ಗಿನ ತೊಟ್ಟು ಚಿವುಟಿ, ಪಸೆ ಒರೆಸಿ, ಬೋರಲಾಗಿ ಒತ್ತಿದೆ. ಕೈಗೆ ಅಷ್ಟು ಗೊತ್ತಿತ್ತು. ಮುಂದಿನದು ಅಂದಾಜಿನ ಮೇಲೆ. ಭರಣಿಯ ಮೇಲಿನ ಅಂತಸ್ತಿನಲ್ಲಿ ಹಾಕಿಟ್ಟೆವು, ಅಲ್ಲೇ ಗಟ್ಟಿಯಾಯಿತು.

ದಿಶಾಳೇ ಅದನ್ನು ಅವ್ವನ ಮುಂದೆ ಹಿಡಿದಳು. ಅಜ್ಜಿ, ಸ್ಮೆಲ್ ಮಾಡಿ ನೋಡು. ಅವ್ವ ಭರಣಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೂಸಿದಳು. ಮರುಗ ಕಡಿಮೆಯಾಗಿದೆ ಎಂದಳು. ಆಮೇಲೆ ಉಂಗುರ ಬೆರಳನ್ನು ಮೇಣದ ಮೇಲೆ ಒಮ್ಮೆ ತಿರುಗಿಸಿದಳು. ಬೆರಳು ತಾನೇ ಎದ್ದು ಹಣೆಗೆ ಹೋಯಿತು, ಹುಬ್ಬುಗಳ ನಡುವಿನ ಜಾಗ ಮುಟ್ಟುವ ಮೊದಲು ನಿಂತಿತು. ಅಲ್ಲಿ ಯಾಕೆ ಹಚ್ಚುತೀ, ಸೆಂಟು ಕೈಗೆ ಹಚ್ಚುವುದಲ್ಲವಾ ಎಂದು ದಿಶಾ ನಕ್ಕಳು. ಅವ್ವನೂ ನಗುತ್ತ ಅಂದಳು, "ವಯಸ್ಸಾಗೇತವಾ. ಒಮ್ಮೊಮ್ಮೆ ನೆನಪ ಇರೂದಿಲ್ಲ."

ಅಂದವಳೇ ತಿರುಗಿ ಅಡುಗೆಮನೆಯ ಬಾಗಿಲಿನ ಕಡೆ ನೋಡಿದಳು. ನನ್ನ ಅಡುಗೆಮನೆಗೆ ಪರದೆ ಇಲ್ಲ. ಒಳಗೆ ಯಾರೂ ಇರಲಿಲ್ಲ. ಆದರೂ ಅವಳು ಯಾರಾದರೂ ಎದ್ದು ಬರುತ್ತಾರೋ ಎಂಬಂತೆ ಬಹಳ ಹೊತ್ತು ನೋಡಿದಳು. ದಿಶಾ ಏನೂ ತಿಳಿಯದೆ ನನ್ನ ಮುಖ ನೋಡಿದಳು, ನಾನು ಸುಮ್ಮನಿರು ಎಂದು ಕಣ್ಸನ್ನೆ ಮಾಡಿದೆ. ಅವ್ವ ಬೆರಳು ಕೆಳಗೆ ಇಳಿಸಿದಳು. ಸೆರಗು ಸರಿಸಿ, ತೋಳು ಮಡಚಿ, ಮೊಳಕೈಯ ಒಳಗಿನ ಮಡಿಕೆಯಲ್ಲಿ ಮೇಣ ಸವರಿದಳು, ಕುಬಸದ ತೋಳು ಮುಗಿಯುವ ಕಡೆ.

"ಇಲ್ಲಿ ಹಚ್ಚಿಕೋತಿದ್ರು," ಅಂದಳು. "ನನಗ ನೆನಪೈತಿ."